ಗುಡ್ಡೆಗೆ ಬೀಳದ ಪ್ಯಾಂಟು

ಪೆವಿಲಿಯನ್ನಿನ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಸೋಪಕ್ಕ ಇಪ್ಪತ್ತೆರಡು ವರ್ಷಗಳಿಂದ ರಾಜ್ಯ ತಂಡದ ಬಿಳಿ ಬಟ್ಟೆ ಒಗೆಯುತ್ತಿದ್ದಳು. ಒಂದು ಪಂದ್ಯವನ್ನೂ ಕಣ್ಣಾರೆ ಕಂಡವಳಲ್ಲ. ಆದರೂ ಯಾರು ಹೇಗೆ ಆಡಿದರೆಂದು ಅವಳಿಗೆ ಯಾವ ಪತ್ರಿಕೆಯವನೂ ಹೇಳಿಕೊಡಬೇಕಿರಲಿಲ್ಲ. ತೊಡೆಯ ಮೇಲೆ ಕೆಂಪು ಗೀರಿದ್ದರೆ ಬೌಲರ್ ದಿನವಿಡೀ ಚೆಂಡು ಉಜ್ಜಿದ್ದಾನೆ. ಮಂಡಿ ಹಸಿರಾಗಿದ್ದರೆ ಫೀಲ್ಡರ್ ನೆಲಕ್ಕೆ ಬಿದ್ದು ಚೆಂಡು ತಡೆದಿದ್ದಾನೆ. ಪ್ಯಾಂಟಿನ ಒಳಗೆ ಬರೆದ ನಂಬರು ನೋಡುವುದು, ಮನಸ್ಸಿನಲ್ಲೇ ಶಹಬ್ಬಾಸ್ ಎನ್ನುವುದು, ಸೋಡಾ ನೀರಿಗೆ ಅದ್ದುವುದು.

ಈ ಸಲ ತಂಡಕ್ಕೆ ಹೊಸ ಕ್ಯಾಪ್ಟನ್. ಬಸ್ ಕಂಡಕ್ಟರನ ಮಗ. ಫೀಲ್ಡರುಗಳನ್ನು 'ಒಳಗ್ಹೋಗಿ, ಒಳಗ್ಹೋಗಿ' ಎಂದು ತಳ್ಳುವ ಪರಿ ನೋಡಿ ಆಟಗಾರರು ಅವನಿಗೂ ಕಂಡಕ್ಟರ್ ಎಂದೇ ಹೆಸರಿಟ್ಟಿದ್ದರು. ಅವನ ಕೈಗೆ ಬಂದ ಮೇಲೆ ತಂಡ ಮೊದಲ ಎರಡು ಪಂದ್ಯಗಳಲ್ಲಿ ಮಣ್ಣುಮುಕ್ಕಿತು.

ಎರಡನೆಯ ಸೋಲಿನ ಮರುದಿನ ಕಂಡಕ್ಟರ್ ಹರಿದ ಜೇಬು ಹೊಲಿಸಿಕೊಳ್ಳಲು ಸೋಪಕ್ಕನ ಹತ್ತಿರ ಬಂದ. ನೆಲದ ಮೇಲೆ ಒಗೆಯುವ ಬಟ್ಟೆಯ ಗುಡ್ಡೆ. ಪಕ್ಕದ ಸ್ಟೂಲಿನ ಮೇಲೆ ಮಡಿಸಿದ ಒಂದೇ ಒಂದು ಪ್ಯಾಂಟು.

"ಇದು ಒಗೆದಾಯ್ತಾ ಸೋಪಕ್ಕ?"

"ಒಗೆಯೋಕೆ ಏನಿದೆ ಅದರಲ್ಲಿ? ನಾನು ಹಾಕಿದ ಇಸ್ತ್ರಿ ಮುರಿಯದೆ ಹಾಗೇ ವಾಪಸ್ ಬರುತ್ತೆ. ಮಡಿಸಿ ಕಳಿಸ್ತೀನಿ," ಎಂದಳು ಸೂಜಿಗೆ ದಾರ ಪೋಣಿಸುತ್ತ.

ಕಂಡಕ್ಟರ್ ನಂಬರು ನೋಡಿದ. ಕ್ರಿಕೆಟ್ ಸಂಘದ ಕಾರ್ಯದರ್ಶಿಗಳ ತಮ್ಮನ ಮಗನದು. ನಾಲ್ಕು ದಿನ ಮೈದಾನದಲ್ಲಿ ನಿಂತವನ ಮೈಗೆ ಒಂದು ಗರಿಕೆಯೂ ತಾಗಿಲ್ಲ.

ಮೂರನೆಯ ಪಂದ್ಯಕ್ಕೆ ಆ ಇಸ್ತ್ರಿರಾಜ ಹೊರಗೆ. ಅಭ್ಯಾಸದಲ್ಲೇ ಎರಡೂ ಮಂಡಿ ಹಸಿರು ಮಾಡಿಕೊಳ್ಳುತ್ತಿದ್ದ ಹನ್ನೆರಡನೆಯವನು ಒಳಗೆ. 'ಇವತ್ತು ಗುಡ್ಡೆಗೆ ಬೀಳ್ತೀಯಾ ಇಲ್ಲವಾ' ಎಂಬುದು ಡ್ರೆಸ್ಸಿಂಗ್ ರೂಮಿನ ಮಾತಾಯಿತು. ಸಾಲಾಗಿ ನಾಲ್ಕು ಪಂದ್ಯ ಗೆದ್ದು ತಂಡ ಸೆಮಿಫೈನಲ್ ಮುಟ್ಟಿತು. ಸೋಪಕ್ಕನ ಗುಡ್ಡೆ ಸೊಂಟದೆತ್ತರ ಬೆಳೆಯಿತು. ಅವಳು ಬೈದುಕೊಂಡೇ ಹಿಗ್ಗಿದಳು.

ಗುಡ್ಡೆಯ ಸುದ್ದಿ ಕಾರ್ಯದರ್ಶಿಗಳ ಕಿವಿಗೂ ಬಿತ್ತು. ಗೆಲ್ಲುವ ಕ್ಯಾಪ್ಟನ್ನನ್ನು ಮುಟ್ಟುವಂತಿರಲಿಲ್ಲ, ಒಗೆಯುವವಳನ್ನು ಮುಟ್ಟಬಹುದಿತ್ತು. ಕರೆಸಿ, ನಾಳೆಯಿಂದ ಬರಬೇಡ ಎಂದರು. ಕಾರಣ ಬರೆದುಕೊಡಿ ಎಂದಳು.

"ನೇಮಕದ ಪತ್ರವೇ ಇಲ್ಲದವಳಿಗೆ ತೆಗೆಯೋ ಪತ್ರ ಬೇರೆ ಬೇಕಾ ನಿನಗೆ?"

ಇಪ್ಪತ್ತೆರಡು ವರ್ಷದ ದುಡಿಮೆಯನ್ನು ಒಂದು ಚೀಟಿಯೂ ಇಲ್ಲದೆ ಒರೆಸಿಹಾಕಬಹುದು. ಚೆಂಡಿನ ಕಲೆ ಕೂಡ ಅಷ್ಟು ಸಲೀಸಾಗಿ ಹೋಗುವುದಿಲ್ಲ. ಸೋಪಕ್ಕ ಮನೆಗೆ ಬಂದಳು. ಗಂಡ ಏನಾಯಿತೆಂದು ಕೇಳಿದರೆ, ಒಣಗಿದ ಬಟ್ಟೆಯನ್ನೇ ಮತ್ತೆ ನೆನೆಸಿಟ್ಟಳು. ಸುಮ್ಮನೆ ಕೂರುವುದು ಆ ಕೈಗಳಿಗೆ ಗೊತ್ತೇ ಇರಲಿಲ್ಲ.

ಕಾರ್ಯದರ್ಶಿಗಳು ಹೊರಗಿನ ಲಾಂಡ್ರಿಯವನನ್ನು ಕರೆಸಿದರು. ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತು, ಸೋಪಕ್ಕ ಬರುವವರೆಗೆ ನಮ್ಮ ಬಟ್ಟೆ ನಾವೇ ಒಗೆಯುತ್ತೇವೆ ಎಂದುಬಿಟ್ಟ. ಹನ್ನೊಂದೂ ಜನ ಅಂಗಿಯ ತೋಳು ಮೇಲಕ್ಕೆ ಮಡಚಿದರು. ಒಬ್ಬ ಪುಡಿ ಸುರಿದ, ಇನ್ನೊಬ್ಬ ಸಾಲದೆಂದು ಮತ್ತಷ್ಟು ಸುರಿದ. ಇದ್ದಬದ್ದ ಎರಡೆರಡು ಜೊತೆಯನ್ನೂ ಒಟ್ಟಿಗೇ ಮೆಷಿನ್ನಿಗೆ ತುರುಕಿ ಬಿಸಿನೀರು ಬಿಟ್ಟರು. ಕಂಡಕ್ಟರ್ ಹುರುಪಿನಲ್ಲಿ ಬೌಲಿಂಗಿಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ತನ್ನ ಹೊಸ ಕೆಂಪು ಟವೆಲನ್ನೂ ಎಸೆದ.

ಪಂದ್ಯದ ಹಿಂದಿನ ದಿನ ಬೆಳಗ್ಗೆ ಹಗ್ಗದ ಮೇಲೆ ರಾಜ್ಯ ತಂಡ ಗುಲಾಬಿ ಬಣ್ಣದಲ್ಲಿ ನೇತಾಡುತ್ತಿತ್ತು.

ಬಿಳಿಯಲ್ಲದಿದ್ದರೆ ಮೈದಾನಕ್ಕೆ ಬಿಡುವುದಿಲ್ಲ ಎಂದರು ಪಂದ್ಯದ ರೆಫರಿ. ಮೂರು ದಿನವಾದರೂ ಬೇಕು ಎಂದ ಲಾಂಡ್ರಿಯವನು. ಮಧ್ಯಾಹ್ನ ಕಾರ್ಯದರ್ಶಿಗಳೇ ಬೆವರು ಒರೆಸಿಕೊಳ್ಳುತ್ತ ಸೋಪಕ್ಕನ ಮನೆ ಬಾಗಿಲಿಗೆ ಬಂದರು. ಹಿಂದೆ ಕಂಡಕ್ಟರ್, ತಲೆ ತಗ್ಗಿಸಿ, ನಗು ಅದುಮಿಕೊಂಡು.

"ನೋಡಿಮ್ಮ, ರಾಜ್ಯದ ಮರ್ಯಾದೆ ಪ್ರಶ್ನೆ. ನೀವು ಬರಲೇಬೇಕು."

ನಿನ್ನೆ ಮೊನ್ನೆಯ 'ನೀನು' ಎಲ್ಲಿ ಹೋಯಿತೋ. ಸೋಪಕ್ಕ ಕೂರಲು ಕುರ್ಚಿ ಕೊಟ್ಟಳು, ಕುಡಿಯಲು ನೀರು ಕೊಟ್ಟಳು, ಬರೆಯಲು ಮೊಮ್ಮಗಳ ನೋಟುಪುಸ್ತಕದ ಹಾಳೆ ಕೊಟ್ಟಳು.

"ನೇಮಕದ ಪತ್ರ. ಮೊದಲ ದಿನದಿಂದ ಲೆಕ್ಕ ಹಿಡಿದು ಬರೀರಿ. ಮೊಹರು ಆಮೇಲೆ ಆಫೀಸಲ್ಲಿ ಒತ್ತಿಸ್ಕೋತೀನಿ. ಬರೆದ ಮೇಲೇ ನೀರಿಗೆ ಕೈ ಹಾಕೋದು."

ಗಡಿಯಾರ ನೋಡಿ ಅವರು ಬರೆದರು. ಹುದ್ದೆ ಎಂಬಲ್ಲಿ 'ಸಹಾಯಕಿ' ಎಂದು ಬರೆದದ್ದನ್ನು ಅವಳು ಬೆರಳಿಟ್ಟು ತಡೆದಳು.

"ಬಟ್ಟೆ ವಿಭಾಗದ ಮುಖ್ಯಸ್ಥೆ ಅಂತ ಬರೀರಿ."

"ಇರೋದೇ ನೀವೊಬ್ಬರು. ಯಾರಿಗೆ ಮುಖ್ಯಸ್ಥೆ?"

ಸೋಪಕ್ಕ ಸೆರಗು ಸಿಕ್ಕಿಸಿಕೊಂಡು ಕಂಡಕ್ಟರನ ಕಡೆ ತಿರುಗಿದಳು. "ಏನಪ್ಪಾ ಕ್ಯಾಪ್ಟನ್ನು, ಹನ್ನೊಂದು ಜನಾನೂ ಕರಿ. ಬಣ್ಣ ಬಿಡೋದನ್ನ ಬಿಳಿ ಜೊತೆ ಹಾಕಬಾರದು, ಅದು ಮೊದಲನೇ ಪಾಠ."

"ಬಂದ್ವಿ ಮೇಡಂ," ಎಂದ ಕಂಡಕ್ಟರ್, ಬಾಗಿಲಾಚೆ ತಿರುಗಿ ಕೂಗಿದ: "ಒಳಗ್ಬನ್ನಿ, ಒಳಗ್ಬನ್ನಿ!"

ಬೀದಿಯ ಗೋಡೆಗೊರಗಿ ಕಾಯುತ್ತಿದ್ದ ರಾಜ್ಯ ತಂಡ ಒಬ್ಬರ ಹಿಂದೊಬ್ಬರಂತೆ ಗುಲಾಬಿ ಗಂಟು ಹೊತ್ತು ಒಳಗೆ ಬಂತು. ಕೊನೆಯಲ್ಲಿ ಇಸ್ತ್ರಿರಾಜನೂ ಇದ್ದ, ಬಕೆಟ್ಟು ಹಿಡಿದು.