ಗಾಜಿನ ಬೇಲಿ

ಆ ದಿನವೂ ಶಾಲೆಯಿಂದ ದೂರು ಬಂತು. ಗಾಜಿನಂಗಡಿಯವನ ಮಗಳು ಪಾಠದ ನಡುವೆ ಎದ್ದು ಓಡಾಡುತ್ತಾಳೆ, ಪ್ರಶ್ನೆ ಮುಗಿಯುವ ಮುನ್ನವೇ ಉತ್ತರ ಕೂಗುತ್ತಾಳೆ, ಬರೆಯಲು ಕೊಟ್ಟದ್ದನ್ನು ಅರ್ಧಕ್ಕೇ ಬಿಡುತ್ತಾಳೆ. ಮುಂದಿನ ವರ್ಷ ಬೇರೆ ಶಾಲೆ ನೋಡಿಕೊಳ್ಳಿ ಎಂದು ಮುಖ್ಯೋಪಾಧ್ಯಾಯಿನಿ ಹೇಳಿ ಕಳುಹಿಸಿದ್ದರು. ಬೀದಿಯವರಂತೂ ಅವಳಿಗೆ ಸುಂಟರಗಾಳಿ ಎಂದೇ ಹೆಸರಿಟ್ಟಿದ್ದರು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅಪ್ಪ ಅಲ್ಲಿ ಕಿಟಕಿಗಳಿಗೆ, ಫೋಟೊಗಳಿಗೆ ಗಾಜು ಕತ್ತರಿಸಿ ಕೊಡುತ್ತಿದ್ದ. ಗೋಡೆಯುದ್ದಕ್ಕೂ ಗಾಜಿನ ಹಾಳೆಗಳು ಒರಗಿರುತ್ತಿದ್ದವು. ಆ ಮನೆಯಲ್ಲಿ ಯಾರೂ ಓಡುತ್ತಿರಲಿಲ್ಲ; ತಿರುಗುವ ಮುನ್ನ ಮೊಣಕೈ ಒಳಗೆಳೆದುಕೊಳ್ಳುವುದು ಎಲ್ಲರಿಗೂ ರೂಢಿ. ಅಂಥ ಕಡೆ ಒಂದು ಜಾಗದಲ್ಲಿ ಕೂರದ ಮಗುವೆಂದರೆ ಸದಾ ಎದೆ ಢವಢವ. ಅಪ್ಪ ಬೈದ, ಹೊಡೆದ. ಕೊನೆಗೆ ಒಂದು ಉಪಾಯ ಹೂಡಿದ. ಅವಳು ಬರೆಯಲು ಕೂರುವ ಮಣೆಯ ಸುತ್ತ ಗಾಜಿನ ಹಾಳೆಗಳನ್ನು ನಿಲ್ಲಿಸಿದ. ಅಲುಗಾಡಿದರೆ ಒಡೆಯುತ್ತದೆ ಎಂಬ ಭಯಕ್ಕಾದರೂ ಕೂರಲಿ ಎಂದ.

ಅವಳು ಕೂತಳು, ಸ್ವಲ್ಪ ಹೊತ್ತು. ಆಮೇಲೆ ಬೀದಿಯಲ್ಲಿ ಯಾರೋ ಯಾರನ್ನೋ ಕರೆದರು. ಅವಳು ಎದ್ದಳು.

ಗಾಜು ಒಡೆದ ಸದ್ದಿಗೆ ಪಕ್ಕದ ಮನೆಯ ನರ್ಸಕ್ಕ ಓಡಿ ಬಂದು, ಕೊಯ್ದುಹೋದ ಅವಳ ಕೈಗೆ ಬಟ್ಟೆ ಬಿಗಿದು ಆಸ್ಪತ್ರೆಗೆ ಕರೆದೊಯ್ದರು. ಹೊಲಿಗೆ ಹಾಕುವಾಗ ಮಗು ಅಳಲಿಲ್ಲ. ಬೇಕೂಂತ ಮಾಡಲಿಲ್ಲ, ಅಪ್ಪನಿಗೆ ಹೇಳಿ ಎಂದಷ್ಟೇ ಹೇಳುತ್ತಿತ್ತು.

ಮನೆಗೆ ಬಂದಾಗ ಅಮ್ಮ ಇನ್ನೂ ಚೂರು ಗುಡಿಸುತ್ತಿದ್ದಳು. ಶಾಲೆ ಬಿಡಿಸಿ ಮನೆಯಲ್ಲೇ ಇಟ್ಟುಕೊಳ್ಳುವುದೆಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದ. ಗಾಳಿಯನ್ನು ಗಂಟು ಕಟ್ಟೋಕಾಗುತ್ತಾ ಎಂದ.

ನರ್ಸಕ್ಕ ಕೇಳಿದರು, “ಗಾಜು ಕೊಯ್ಯುತ್ತೆ ಅಂತ ಅವಳಿಗೆ ಗೊತ್ತಿರಲಿಲ್ವಾ, ಅಣ್ಣ?”

“ಈ ಮನೇಲಿ ಹುಟ್ಟಿದವಳಮ್ಮ. ನಡೆಯೋಕೆ ಮುಂಚೆ ಕಲಿತಿದ್ದೇ ಅದನ್ನ.”

“ನಿಮ್ಮ ಭಯ, ಗಾಜಿನ ಭಯ, ಎರಡೂ ಇದ್ದವು. ಆದ್ರೂ ಕೂರೋಕಾಗಲಿಲ್ಲ. ಅದು ಹಟ ಅಲ್ಲ. ಅವಳ ಕೈ ಮೀರಿದ್ದು.”

ಮಗಳಿಗೆ ಹುಚ್ಚು ಅಂತೀರಾ ಎಂದು ಅಪ್ಪ ಗೊಣಗಿದ.

ಅಮ್ಮ ಪೊರಕೆ ನಿಲ್ಲಿಸಿದಳು. “ಹುಚ್ಚು ಯಾರಿಗೆ ಹೇಳಿ. ಮಗು ಸುತ್ತ ಗಾಜು ನಿಲ್ಲಿಸಿದ ನಿಮಗಾ, ನೋಡ್ತಾ ನಿಂತ ನನಗಾ?”

ಹುಚ್ಚಲ್ಲ, ದಡ್ಡತನವೂ ಅಲ್ಲ ಎಂದು ನರ್ಸಕ್ಕ ಬಿಡಿಸಿ ಹೇಳಿದರು. ಇದು ಎಡಿಎಚ್‌ಡಿ ಇರಬಹುದು. ಗಮನವನ್ನು ಹಿಡಿದಿಡುವ, ಮನಸ್ಸಿಗೆ ಬಂದದ್ದನ್ನು ತಡೆದುಕೊಳ್ಳುವ ಶಕ್ತಿ ಕೆಲವು ಮಕ್ಕಳ ಮಿದುಳಿನಲ್ಲಿ ಬೇರೆ ರೀತಿ ಬೆಳೆಯುತ್ತದೆ. ಬೆಳೆಸಿದ್ದು ತಪ್ಪಾಗಿ ಬರುವುದಲ್ಲ, ಹೊಡೆದರೆ ಹೋಗುವುದೂ ಅಲ್ಲ. ಆದರೆ ಹೌದೋ ಅಲ್ಲವೋ ಎಂದು ವೈದ್ಯರೇ ಹೇಳಬೇಕು, ನಾನೂ ಅಲ್ಲ, ಬೀದಿಯವರೂ ಅಲ್ಲ ಎಂದರು.

ಅಪ್ಪ ಅರೆಮನಸ್ಸಿನಿಂದಲೇ ಹೊರಟ. ಮಕ್ಕಳ ವೈದ್ಯರು ಮೊದಲು ಕಣ್ಣು, ಕಿವಿ ಪರೀಕ್ಷಿಸಿದರು. ಮನೆಯವರನ್ನೂ ಟೀಚರನ್ನೂ ಬೇರೆಬೇರೆಯಾಗಿ ವಿಚಾರಿಸಿ, ಕೆಲವು ಭೇಟಿಗಳ ನಂತರ ಎಡಿಎಚ್‌ಡಿ ಹೌದೆಂದರು. ಶಾಲೆಯಲ್ಲಿ ಅನುಕೂಲ ಮಾಡಿಕೊಡಿ ಎಂದು ಕೇಳಿದ್ದಕ್ಕೆ, ಒಬ್ಬಳಿಗೆ ಬೇರೆ ನಿಯಮ ಮಾಡಲಾಗದು ಎಂದು ಮುಖ್ಯೋಪಾಧ್ಯಾಯಿನಿ ಅಂದಾಗ, ಅಮ್ಮ ವಿಶೇಷ ಶಿಕ್ಷಣದ ನೆರವು ಬೇಕೆಂದು ಬರವಣಿಗೆಯಲ್ಲೇ ಕೇಳಿದಳು. ತಡವಾಯಿತು, ಆದರೂ ವಿಶೇಷ ಶಿಕ್ಷಕಿ ಬಂದರು. ಈಗ ಅವಳಿಗೆ ಮುಂದಿನ ಬೆಂಚು. ಒಂದು ಸಲಕ್ಕೆ ಒಂದೇ ಕೆಲಸ. ನಡುನಡುವೆ ಎದ್ದು ಓಡಾಡಲು ಅನುಮತಿ. ಪರೀಕ್ಷೆಯಲ್ಲಿ ಹೆಚ್ಚು ಸಮಯ.

ಶಾಲೆ ತಪ್ಪಲಿಲ್ಲ. ಹಾಗೆಂದು ಎಲ್ಲವೂ ಸರಿಹೋಗಿಲ್ಲ. ಕೆಲವು ದಿನ ಇನ್ನೂ ಕೆಟ್ಟದಾಗಿರುತ್ತವೆ. ಸಂಜೆ ಬಂದವಳೇ ಅಪ್ಪನನ್ನು ಕೇಳುತ್ತಾಳೆ, “ಇವತ್ತು ನಾನು ಕೆಟ್ಟವಳಾಗಿದ್ನಾ?” ಅಪ್ಪ ಇಲ್ಲ ಎನ್ನುತ್ತಾನೆ. ಅವಳು ನಂಬುವುದಿಲ್ಲ. ಮರುದಿನ ಮತ್ತೆ ಕೇಳುತ್ತಾಳೆ, ಅವನು ಮತ್ತೆ ಹೇಳುತ್ತಾನೆ.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಗುವೂ ಮನೆ, ಶಾಲೆ ಎರಡೂ ಕಡೆ ಹೀಗೆಯೇ ಬಹಳ ಕಾಲದಿಂದ ಒದ್ದಾಡುತ್ತಿದ್ದರೆ ವೈದ್ಯರಿಗೆ ತೋರಿಸಿ. ಶಾಲೆಯಲ್ಲಿ ವಿಶೇಷ ಶಿಕ್ಷಣದ ನೆರವು ಕೇಳಿ; ಒಮ್ಮೆ ಆಗದು ಎಂದರೆ ಮತ್ತೊಮ್ಮೆ ಕೇಳಿ. ತಾನು ಕೆಟ್ಟವಳು, ಕೆಟ್ಟವನು ಎಂದು ಮಗು ನಂಬಿಬಿಡುವ ಮೊದಲೇ ಹೋಗಿ.