ಜಾರಿದ ಬೆರಳು

ವಿಶ್ವವಿದ್ಯಾಲಯದ ಕೆಲಸದಿಂದ ನಿವೃತ್ತರಾದ ಮೇಲೆ ಬಂದ ಮೊದಲ ಭಾನುವಾರ, ಮೇಷ್ಟ್ರು ಬೆಳಿಗ್ಗೆಯೇ ಗಿಟಾರ್ ತೆಗೆದು ಹೊಸ ತಂತಿ ಹಾಕಲು ಕೂತರು. ಹಾಕಿದ ತಂತಿಯನ್ನೇ ಬಿಚ್ಚಿ ಮತ್ತೆ ಹಾಕಿದರು, ಮೊದಲ ಸಲ ಸ್ಟೇಜ್ ಹತ್ತುವ ಹುಡುಗರ ಹಾಗೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, ನಮ್ಮ ಮದುವೆ ದಿನಾನೂ ಇಷ್ಟು ಸಡಗರ ಇರಲಿಲ್ಲವಲ್ಲ ನಿಮಗೆ ಅಂದಳು. ಮೇಷ್ಟ್ರು ನಕ್ಕರು. ಅವತ್ತು ಮಧ್ಯಾಹ್ನ ಅವರು ಡಬ್ಬನ ಹತ್ತಿರ ಹೋಗುವವರಿದ್ದರು.

ಡಬ್ಬ ಅಂದರೆ ಅವರ ಹಳೆಯ ಗೆಳೆಯ, ಡ್ರಮ್ಸ್ ನುಡಿಸುವವನು. ಚಿಕ್ಕವನಿದ್ದಾಗ ಎಣ್ಣೆ ಡಬ್ಬ ಬಡಿದು ಬಡಿದು ಬೀದಿಯವರ ನಿದ್ದೆ ಕೆಡಿಸಿ ಆ ಹೆಸರು ಸಂಪಾದಿಸಿದ್ದ. ಸ್ಟೇಷನ್ ಹತ್ತಿರದ ಹೋಟೆಲ್ಲಿನ ಮಹಡಿಯ ಮೇಲೆ ಇಬ್ಬರೂ ಸೇರಿ ಜಾಝ್ ಬ್ಯಾಂಡು ಕಟ್ಟಿದ್ದರು. ಜಾಝ್‌ನಲ್ಲಿ ಹಾಡಿನ ಮಟ್ಟು ಎಲ್ಲರದು. ಅದಾದ ಮೇಲೆ ಒಬ್ಬೊಬ್ಬರ ಸರದಿ ಬಂದಾಗ ಆ ಗಳಿಗೆಗೆ ಮನಸ್ಸಿಗೆ ಏನು ಹೊಳೆಯುತ್ತೋ ಅದನ್ನು ನುಡಿಸಬೇಕು. ನಿನ್ನೆ ನುಡಿಸಿದ್ದನ್ನೇ ಇವತ್ತೂ ನುಡಿಸಿದರೆ ಡಬ್ಬ ಕೋಲು ಕೆಳಗಿಟ್ಟು, ತಂಗಳು ಬಡಿಸಬೇಡ್ವೋ ಅನ್ನುತ್ತಿದ್ದ.

ಆ ಬ್ಯಾಂಡಿನದು ಒಂದೇ ಒಂದು ರೆಕಾರ್ಡು ಬಂತು. ಅದನ್ನು ನುಡಿಸುವಾಗ ಮೇಷ್ಟ್ರ ಸರದಿಯಲ್ಲಿ ಬೆವರಿದ ಬೆರಳು ಜಾರಿ, ಎಲ್ಲಿಗೂ ಸೇರದ ಒಂದು ಸ್ವರ ಹೊರಟುಬಿಟ್ಟಿತು. ಉಳಿದವರ ಮುಖ ಇಳಿಯಿತು. ಇವರು ಮಾತ್ರ ಕಣ್ಣು ಮಿಟುಕಿಸದೆ, ಬೇಕೆಂದೇ ನುಡಿಸಿದವರ ಹಾಗೆ, ಅದೇ ಸ್ವರವನ್ನು ಮತ್ತೆ ಮೀಟಿ, ಮಗದೊಮ್ಮೆ ಮೀಟಿ, ಅಲ್ಲಿಂದಲೇ ಒಂದು ದಾರಿ ಮಾಡಿಕೊಂಡು ಮಟ್ಟಿಗೆ ಬಂದು ಸೇರಿದರು. ಡಬ್ಬ ಖುಷಿ ತಡೆಯಲಾರದೆ ಗಟ್ಟಿಯಾಗಿ ನಕ್ಕ. ಆ ನಗುವೂ ರೆಕಾರ್ಡಿನಲ್ಲಿದೆ. ಅವತ್ತಿನಿಂದ ಗೆಳೆಯನಿಗೆ ಅವನಿಟ್ಟ ಹೆಸರು ತಪ್ಪಣ್ಣ.

ತಪ್ಪಣ್ಣ ಮೇಷ್ಟ್ರಾಗಿದ್ದು ಮದುವೆಯ ಕಾಲಕ್ಕೆ. ಹುಡುಗ ಗಿಟಾರ್ ನುಡಿಸ್ತಾನೆ ಅಂದಾಗ ಮಾವನಾಗುವವರು, ಅದು ಸರಿ, ಹೊಟ್ಟೆಗೇನು ಮಾಡ್ತಾನೆ ಅಂತ ಕೇಳಿದ್ದರು. ಅದೇ ಹೊತ್ತಿಗೆ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಸಂಗೀತ ವಿಭಾಗ ತೆರೆದಿತ್ತು. ಕೆಲಸ ಸಿಕ್ಕಿತು. ಬಿಟ್ಟು ಹೋಗುವ ದಿನ ಡಬ್ಬ ಜಗಳವಾಡಲಿಲ್ಲ. ಕಿಟಕಿ ಪಕ್ಕದ ಕಬ್ಬಿಣದ ಕುರ್ಚಿ ತೋರಿಸಿ, "ನಿನ್ನ ಕುರ್ಚಿ ಎಲ್ಲಿಗೂ ಹೋಗಲ್ಲ. ನಿನಗೆ ಯಾವಾಗ ಬರಬೇಕು ಅನ್ನಿಸುತ್ತೋ ಆವಾಗ ಬಾ" ಅಂದ. ನಿವೃತ್ತಿ ಆದ ದಿನವೇ ಬರ್ತೀನಿ ಅಂತ ಇವರು ಮಾತು ಕೊಟ್ಟರು. ಇಬ್ಬರೂ ನಕ್ಕರು. ನಿವೃತ್ತಿ ಅನ್ನುವುದು ಆಗ ಬೇರೆಯವರಿಗೆ ಆಗುವ ಕಾಯಿಲೆಯ ಹಾಗಿತ್ತು.

ಪಾಠವೇನೋ ಚೆನ್ನಾಗಿಯೇ ಶುರುವಾಯಿತು. ಪರೀಕ್ಷೆ ಬಂದಾಗ ತೊಡಕಾಯಿತು. ಮನಸ್ಸಿಗೆ ಬಂದದ್ದನ್ನು ನುಡಿಸಿದರೆ ಅಂಕ ಕೊಡೋದು ಹೇಗೆ, ಎಲ್ಲರಿಗೂ ಒಂದೇ ಅಳತೆಗೋಲು ಬೇಡವೇ ಅಂದರು ವಿಭಾಗದ ಮುಖ್ಯಸ್ಥರು. ಮೇಷ್ಟ್ರು ಒಂದು ವಾರ ಯೋಚಿಸಿ, ರೆಕಾರ್ಡಿನಲ್ಲಿ ತಾವೇ ನುಡಿಸಿದ್ದನ್ನು ಸ್ವರ ಸ್ವರವಾಗಿ ಬರೆದು ಕೊಟ್ಟರು. ಬೆರಳು ಜಾರಿದ ಕಡೆಯೂ ಒಂದು ಚುಕ್ಕೆ ಇಟ್ಟರು. ಅಚ್ಚಾಗಿ ಬಂದ ಹಾಳೆಯ ತಲೆಯ ಮೇಲೆ ಅವರ ಹೆಸರಿತ್ತು. ಅವತ್ತು ಆ ಹಾಳೆಯನ್ನು ಎದೆಗಾನಿಸಿಕೊಂಡು ಮನೆಗೆ ತಂದಿದ್ದರು.

ಅಲ್ಲಿಂದ ಮುಂದೆ ಪ್ರತಿ ವರ್ಷದ ಮಕ್ಕಳೂ ಅದನ್ನೇ ನುಡಿಸಿದರು. ಜಾರುವುದನ್ನೂ ಜಾರದ ಹಾಗೆ ಕಲಿತರು. ಮಕ್ಕಳ ಮುಂದೆ ನುಡಿಸಿ ತೋರಿಸಬೇಕಾದವರು ತಾವೇ ತಡವರಿಸಬಾರದಲ್ಲ ಅಂತ ಮೇಷ್ಟ್ರೂ ದಿನಾ ಬೆಳಿಗ್ಗೆ ಅದನ್ನೊಮ್ಮೆ ಕೈಗೆ ಹಾಕಿಕೊಳ್ಳುತ್ತಿದ್ದರು. ಹೆಂಡತಿಗೆ ಅದು ಗಡಿಯಾರವಾಯಿತು. ಇವರು ಶುರುಮಾಡಿದಾಗ ಹಾಲು ಒಲೆಗಿಟ್ಟರೆ, ಆ ಜಾರಿದ ಸ್ವರ ಬರುವ ಹೊತ್ತಿಗೆ ಸರಿಯಾಗಿ ಇಳಿಸಬೇಕು. ಒಂದು ದಿನವೂ ಉಕ್ಕಿಲ್ಲ ಅಂತ ನೆಂಟರ ಮುಂದೆ ಹೇಳಿಕೊಂಡು ನಗುತ್ತಿದ್ದಳು. ಮೇಷ್ಟ್ರೂ ಜೊತೆಗೆ ನಗುತ್ತಿದ್ದರು.

ಒಂದು ವರ್ಷ ಒಬ್ಬಳು ಹುಡುಗಿ ಪರೀಕ್ಷೆಗೆ ಬಂದು ಕೂತಳು. ತೆಳ್ಳನೆಯ ಹುಡುಗಿ, ಗಿಟಾರೇ ಅವಳಿಗಿಂತ ಅಗಲವಾಗಿತ್ತು. ಅರ್ಧದವರೆಗೆ ಹಾಳೆಯಲ್ಲಿದ್ದ ಹಾಗೇ ನುಡಿಸಿದಳು. ಆಮೇಲೆ ಅವಳ ಬೆರಳು ಇನ್ನೆಲ್ಲೋ ಜಾರಿತು. ಅವಳು ಬೆದರಲಿಲ್ಲ. ತುಟಿಯಂಚಲ್ಲಿ ನಕ್ಕು, ಆ ಸ್ವರವನ್ನೇ ಹಿಡಿದು ತನ್ನದೇ ದಾರಿಯಲ್ಲಿ ಹೋಗಿ ಸುತ್ತಾಡಿ ಮನೆ ಸೇರಿದಳು. ಮೇಷ್ಟ್ರ ಕಾಲು ಅವರಿಗೇ ತಿಳಿಯದಂತೆ ತಾಳ ಹಾಕತೊಡಗಿತ್ತು. ಪಕ್ಕದಲ್ಲಿದ್ದ ಇನ್ನೊಬ್ಬ ಪರೀಕ್ಷಕರು ಆ ಕಾಲನ್ನು ನೋಡಿದರು. ಮೇಷ್ಟ್ರು ಕಾಲು ನಿಲ್ಲಿಸಿದರು. ಹುಡುಗಿಯನ್ನು ನಪಾಸು ಮಾಡಿದರು.

ವರಾಂಡದಲ್ಲಿ ಅವಳು ಎದುರಿಗೆ ಬಂದು ನಿಂತು, ಏನು ತಪ್ಪಾಯ್ತು ಸಾರ್ ಅಂತ ಕೇಳಿದಳು. ಹಾಳೆಯಲ್ಲಿ ಇಲ್ಲದ್ದನ್ನ ನುಡಿಸಿದೆ ಅಂದರು.

"ನೀವು ರೆಕಾರ್ಡಿಗೆ ನುಡಿಸಿದಾಗ ಹಾಳೆ ಇತ್ತಾ ಸಾರ್?"

ಮಾತು ಕಮ್ಮಿ ಮಾಡು, ಅಭ್ಯಾಸ ಜಾಸ್ತಿ ಮಾಡು ಅಂದು ಮೇಷ್ಟ್ರು ಸರಸರನೆ ನಡೆದುಬಿಟ್ಟರು. ಅವಳು ಮತ್ತೆ ತರಗತಿಗೆ ಬರಲಿಲ್ಲ.

ಇಷ್ಟೆಲ್ಲ ಆ ಭಾನುವಾರ ಅವರ ಮನಸ್ಸಿನಲ್ಲಿರಲಿಲ್ಲ. ಮನಸ್ಸಿನಲ್ಲಿ ಇದ್ದದ್ದು ಕಬ್ಬಿಣದ ಕುರ್ಚಿ ಒಂದೇ. ಡಬ್ಬ ಫೋನಿನಲ್ಲಿ ಹೇಳಿದ್ದ: ಭಾನುವಾರ ಬಂದು ಒಂದು ಕೈ ನುಡಿಸು, ಸರಿಹೋದರೆ ಶನಿವಾರ ಜನರ ಮುಂದೆ ನುಡಿಸುವಾಗ ಗಿಟಾರಿಗೆ ನೀನೇ ಕೂರು. ಮೇಷ್ಟ್ರು ಸಂಬಳ ಎಣಿಸಿದ್ದು, ವಿಭಾಗದ ಸಭೆಗಳಲ್ಲಿ ಆಕಳಿಸಿದ್ದು, ಮುಖ್ಯಸ್ಥರಿಗೆ ತಲೆಯಾಡಿಸಿದ್ದು, ಎಲ್ಲ ಈ ಒಂದು ಶನಿವಾರದ ಆಸೆಗೆ. ಅಸಲು ಬದುಕು ಆ ಮಹಡಿಯ ಮೇಲೆ ತನಗಾಗಿ ಕಾದಿದೆ ಅಂತ ನಂಬಿಕೊಂಡೇ ಇಷ್ಟು ವರ್ಷ ತಳ್ಳಿದ್ದರು.

ಮಹಡಿಯ ಮೆಟ್ಟಿಲು ಹತ್ತುವಾಗ ಕೆಳಗಿನ ಅಡುಗೆಮನೆಯ ಹೊಗೆ ಮೊದಲಿನ ಹಾಗೇ ಮೂಗಿಗೆ ಬಡಿಯಿತು. ಡಬ್ಬನ ತಲೆ ಪೂರಾ ಬೋಳಾಗಿತ್ತು. "ಬಾರೋ ತಪ್ಪಣ್ಣ" ಅಂತ ತಬ್ಬಿಕೊಂಡ. ಆ ಹೆಸರು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ, ಮೇಷ್ಟ್ರ ಕಣ್ಣು ಒದ್ದೆಯಾಯಿತು. ಒರೆಸಿಕೊಂಡು ಕಿಟಕಿಯ ಕಡೆ ನೋಡಿದರು. ಕುರ್ಚಿಯಲ್ಲಿ ಅವಳಿದ್ದಳು. ಈಗ ಹುಡುಗಿಯಲ್ಲ, ಕಿವಿಯ ಮೇಲೆ ಒಂದೆರಡು ಬೆಳ್ಳಿಕೂದಲ ಹೆಂಗಸು. ಆದರೆ ತುಟಿಯಂಚಿನ ಆ ನಗು ಅದೇ. ಅವಳು ಥಟ್ಟನೆ ಎದ್ದು, "ಬನ್ನಿ ಸಾರ್, ಇದು ನಿಮ್ಮ ಜಾಗ" ಅಂದು ಸ್ಟೂಲ್ ಎಳೆದುಕೊಂಡು ಪಕ್ಕಕ್ಕೆ ಕೂತಳು. ಮಾತಿನಲ್ಲಿ ಮುಳ್ಳಿರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಸುಲಭವಾಗುತ್ತಿತ್ತು.

ಹಳೆಯ ಹಾಡೇ ಆಗಲಿ ಅಂದ ಡಬ್ಬ. ರೆಕಾರ್ಡಿನ ಹಾಡು. ಮಟ್ಟು ಎಲ್ಲರೂ ಸೇರಿ ನುಡಿಸಿದರು. ಮೇಷ್ಟ್ರ ಸರದಿ ಬಂತು.

ಮೊದಲ ನಾಲ್ಕು ಸ್ವರ ನುಡಿಸಿದಾಗಲೇ ಅವರಿಗೆ ಗೊತ್ತಾಯಿತು, ಇದು ಹಾಳೆಯದು. ಇರಲಿ, ಇಲ್ಲಿಂದ ತಿರುಗೋಣ ಅಂದುಕೊಂಡರು. ತಿರುವು ಬಂತು, ಬೆರಳು ತಿರುಗಲಿಲ್ಲ. ಮುಂದಿನ ತಿರುವಿನಲ್ಲಾದರೂ ಅಂದುಕೊಂಡರು. ಗಾಣದ ಎತ್ತಿಗೆ ಕಟ್ಟು ಬಿಚ್ಚಿದರೂ ಅದು ಸುತ್ತುತ್ತಲೇ ಇರುವ ಹಾಗೆ ಬೆರಳು ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಡಬ್ಬ ಡ್ರಮ್ಸಿನಲ್ಲಿ ಕೆಣಕಿದ, ಲಯ ಅಡ್ಡ ಹಾಕಿ ಚುಚ್ಚಿದ. ಪಕ್ಕದಲ್ಲಿ ಅವಳು ಮೆಲ್ಲಗೆ ಒಂದು ಹೊಸ ಸ್ವರಗುಚ್ಛ ಮೀಟಿದಳು, ಈ ಕಡೆ ಒಂದು ಬಾಗಿಲಿದೆ ಬನ್ನಿ ಅನ್ನುವ ಹಾಗೆ. ಮೇಷ್ಟ್ರಿಗೆ ಆ ಬಾಗಿಲು ಕಂಡಿತು. ಅದರೊಳಗಿನ ಬೆಳಕೂ ಕಂಡಿತು. ಹೋಗಲಾಗಲಿಲ್ಲ. ಜಾರುವ ಜಾಗ ಬಂತು. ಬೆರಳು ಜಾರಿತು, ತಪ್ಪದೆ, ಅಚ್ಚುಕಟ್ಟಾಗಿ, ಗಡಿಯಾರದ ಹಾಗೆ. ಅವತ್ತು ಡಬ್ಬ ನಕ್ಕಿದ್ದ ಜಾಗ ಅದು. ಇವತ್ತು ಅವನು ತಲೆ ತಗ್ಗಿಸಿ ಮೆತ್ತಗೆ ತಾಳ ಹಿಡಿದಿದ್ದ, ಮಗುವಿನ ಕೈ ಹಿಡಿದು ನಡೆಸುವವನ ಹಾಗೆ.

ಹಾಳೆ ಮುಗಿಯುವಲ್ಲಿಗೆ ಮೇಷ್ಟ್ರು ಮುಗಿಸಿದರು.

ಯಾರೂ ತಂಗಳು ಅನ್ನಲಿಲ್ಲ. ಡಬ್ಬ ಕೋಲಿನ ತುದಿ ನೋಡುತ್ತಾ ಕೂತ. ಮೇಷ್ಟ್ರು ಅವಳ ಕಡೆ ತಿರುಗಿ, ತಮಾಷೆಯ ದನಿ ತಂದುಕೊಂಡು, "ಎಷ್ಟು ಮಾರ್ಕ್ಸ್ ಕೊಡ್ತೀಯಮ್ಮ?" ಅಂತ ಕೇಳಿದರು.

ಅವಳು ಗಿಟಾರನ್ನು ಮಡಿಲಲ್ಲಿ ಅಡ್ಡ ಮಲಗಿಸಿದಳು.

"ಪೂರ್ತಿ ಸಾರ್. ಒಂದು ಸ್ವರಾನೂ ಆಚೆ ಈಚೆ ಆಗ್ಲಿಲ್ಲ."

ಮೇಷ್ಟ್ರು ಗಿಟಾರನ್ನು ಪೆಟ್ಟಿಗೆಗೆ ಹಾಕಿದರು. ಶನಿವಾರ ಕಷ್ಟ ಕಣೋ, ಬೆನ್ನು ನೋವು ಅಂದರು. ಡಬ್ಬ ಒಂದು ಸಲವಾದರೂ ಒತ್ತಾಯ ಮಾಡುತ್ತಾನೆ ಅಂತ ನಿಧಾನವಾಗಿ ಕೊಕ್ಕೆ ಹಾಕಿದರು. ಅವನು, ಬೆನ್ನು ನೋಡ್ಕೋ ಅಂದ. ಇವರು ಮೆಟ್ಟಿಲಿಳಿಯುವಾಗ ಮೇಲೆ ಅದೇ ಹಾಡು ಮತ್ತೆ ಶುರುವಾಯಿತು. ಅರ್ಧ ಮೆಟ್ಟಿಲಲ್ಲಿರುವಾಗ ಡಬ್ಬ ಗಟ್ಟಿಯಾಗಿ ನಕ್ಕಿದ್ದು ಕೇಳಿಸಿತು.

ಮನೆಯಲ್ಲಿ ಹೆಂಡತಿ ಹೇಗಾಯ್ತು ಅಂತ ಕೇಳಿದಳು. ಒಂದು ತಪ್ಪೂ ಆಗಲಿಲ್ಲ ಅಂದರು. ಅಲ್ಲ ಮತ್ತೆ, ಇಷ್ಟು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತೆ ಅಂತ ಅವಳು ಸಂತೋಷಪಟ್ಟಳು.

ಮಾರನೆಯ ಬೆಳಿಗ್ಗೆ ಇವರು ಗಿಟಾರ್ ಹತ್ತಿರ ಹೋಗಿ ಕೂತದ್ದು ನೋಡಿ ಅವಳು ಹಾಲು ಒಲೆಗಿಟ್ಟು ಎಂದಿನ ಹಾಗೆ ಬೇರೆ ಕೆಲಸಕ್ಕೆ ಕೈ ಹಾಕಿದಳು. ಹಾಲು ಉಕ್ಕಿ ಒಲೆ ತುಂಬ ಹರಿದು ಸೀದ ವಾಸನೆ ಮನೆಯೆಲ್ಲ ಹರಡಿತು. ಅವಳು ಅಡುಗೆಮನೆಯಿಂದಲೇ, ಯಾಕ್ರೀ ಇವತ್ತು ನುಡಿಸ್ಲೇ ಇಲ್ಲ ಅಂತ ಕೂಗಿದಳು. ಮೇಷ್ಟ್ರು ಗಿಟಾರ್ ಪೆಟ್ಟಿಗೆಯ ಎದುರಿಗೇ ಕೂತಿದ್ದರು. ಅವರಿಗೆ ಕೇಳಿಸಿತು. ಪೆಟ್ಟಿಗೆಯ ಕೊಕ್ಕೆ ಹಾಕಿದಂತೆಯೇ ಇತ್ತು.