ಟೈಲರ್ ಅಂಗಡಿ ಮುಂದಿನ ಹಳೇ ಚರಂಡಿ

ನೀರಿನ ಪೈಪು ಹಾಕಲು ಟೈಲರ್ ಅಂಗಡಿಯ ಮುಂದೆ ಅಗೆದಾಗ ಕಲ್ಲು ಕಟ್ಟಿದ ಕಾಲುವೆಯೊಂದು ಸಿಕ್ಕಿತು. ಪುರಾತತ್ವ ಇಲಾಖೆಯ ಮೇಡಂ ಬಂದು, ಮಂಡಿಯೂರಿ ಕುಳಿತು, ಬ್ರಷ್‌ನಿಂದ ಮಣ್ಣು ಸರಿಸಿ, "ಸಾವಿರ ವರ್ಷದ ಚರಂಡಿ" ಎಂದರು. ಬೀದಿಯವರ ಮುಖ ಸಪ್ಪಗಾಯಿತು. ಬೇರೆ ಊರಿಗೆ ಅರಮನೆ ಸಿಗುತ್ತದೆ, ನಿಧಿ ಸಿಗುತ್ತದೆ; ತಮ್ಮ ಹಣೆಬರಹಕ್ಕೆ ಚರಂಡಿ.

"ಅಗೀದೇನೇ ತೋರಿಸ್ತಿದ್ದೆ ಮೇಡಂ," ಎಂದ ಟೈಲರ್, ರಸ್ತೆಯಂಚಿನಲ್ಲಿ ಕಟ್ಟಿ ನಿಂತ ಕೊಳಕು ನೀರಿನತ್ತ ಕೈಮಾಡಿ. "ನಮ್ಮಲ್ಲಿ ಚರಂಡಿಗೇನು ಬರ?"

"ಹಳೇದ್ರಲ್ಲಿ ಇವತ್ತಿಗೂ ನೀರು ಹರಿಯುತ್ತೆ. ಒಂದು ಕೊಡ ಸುರಿದು ನೋಡಿ."

ಸುರಿದರು. ಹರಿಯಿತು. ನಂಬದ ಟೈಲರ್ ಇನ್ನೊಂದು ಕೊಡ ತಂದು ಸುರಿದ. ಅದೂ ಹರಿಯಿತು.

ನೋಡಲು ಜನ ಬರತೊಡಗಿದರು. ಟೈಲರನ ಅಕ್ಕ ಅವನಿಗಿಂತ ಚುರುಕು. ಬಾಗಿಲಲ್ಲಿ ಬೆಂಚು ಹಾಕಿ ಚಹಾ ಶುರುಮಾಡಿದಳು. ಕಾಲುವೆಯ ಚಿತ್ರವಿರುವ ಚೀಲ ಹೊಲಿದುಕೊಡು ಎಂದು ತಮ್ಮನ ಬೆನ್ನು ಹತ್ತಿದಳು.

"ಚರಂಡೀನ ಹೆಗಲಿಗೆ ಹಾಕ್ಕೊಂಡು ಯಾರಕ್ಕ ಹೋಗ್ತಾರೆ?"

"ನೀನು ಹೊಲಿ. ಹೋಗೋರು ಹೋಗ್ತಾರೆ."

ಹೋದರು. ಹೊಲಿಗೆಗೆ ಅಕ್ಕಪಕ್ಕದ ಹೆಂಗಸರನ್ನೂ ಕರೆಯಬೇಕಾಯಿತು. ಎದುರಂಗಡಿಯ ಬೀಗ ರಿಪೇರಿಯವನು ಮಾಳಿಗೆಯ ಕೋಣೆಗೆ ಸುಣ್ಣ ಹೊಡೆಸಿ ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟ.

ಟೈಲರನಿಗೆ ಮಾತಿನ ಚಪಲ ಕೆರಳಿತು. ರಾಣಿ ಮಿಂದ ಪನ್ನೀರು ಇದರಲ್ಲೇ ಹರಿದದ್ದು ಎಂದು ಬಂದವರಿಗೆಲ್ಲ ರೈಲು ಬಿಡತೊಡಗಿದ. ಒಂದು ದಿನ ಗುಂಪಿನ ಹಿಂದೆ ಮೇಡಂ ನಿಂತಿದ್ದರು.

"ಯಾವ ರಾಣಿ?"

"ಹೆಸರು ಹುಡುಕೋದು ನಿಮ್ಮ ಕೆಲಸ ಅಲ್ವಾ ಮೇಡಂ."

ಮೇಡಂ ನಕ್ಕರು, ಆದರೆ ಬಿಡಲಿಲ್ಲ. ಆ ಕಾಲದಲ್ಲಿ ಇದು ಬಟ್ಟೆಗೆ ಬಣ್ಣ ಹಾಕುವವರ ಬೀದಿಯಾಗಿತ್ತು ಎಂದು ಹೇಳಿ, ಕಲ್ಲಿನ ಸಂದಿಯಲ್ಲಿ ಉಳಿದ ನೀಲಿ ಕಲೆ ತೋರಿಸಿದರು. ಟೈಲರ್ ಬಗ್ಗಿ ನೋಡಿ ಬೆರಳಿನಿಂದ ಕಲೆಯನ್ನು ಸವರಿದ. ಬಟ್ಟೆಯನ್ನೇ ನಂಬಿ ಬದುಕಿದವರು. ಒಂದು ಲೆಕ್ಕದಲ್ಲಿ ನೆಂಟರೇ. ಅಂದೇ ರಾಣಿಯನ್ನು ಕೈಬಿಟ್ಟ.

ಮೂಗು ಮುಚ್ಚಿಕೊಂಡ ಪ್ರವಾಸಿಗರ ಫೋಟೊ ಪೇಪರಿನಲ್ಲಿ ಬಂದ ಮೇಲೆ ಪುರಸಭೆಗೂ ವಾಸನೆ ತಟ್ಟಿತು. ವರ್ಷಗಟ್ಟಲೆ ಗೋಗರೆದರೂ ಆಗದ ಈಗಿನ ಚರಂಡಿಯ ರಿಪೇರಿ ಒಂದೇ ತಿಂಗಳಲ್ಲಿ ಮುಗಿದು, ಕೊಳಕು ನೀರು ಬೀದಿ ಬಿಟ್ಟಿತು.

ಈಗ ಅಂಗಡಿಯ ತುಂಬ ಹೊಲಿಗೆ ಮೆಷಿನ್ನು, ಅಕ್ಕನದೇ ಯಜಮಾನಿಕೆ. ಟೈಲರ್ ಸದಾ ಹೊರಗೆ, ಬಣ್ಣದವರ ಕತೆ ಹೇಳುತ್ತ. ಮೊನ್ನೆ ಪಕ್ಕದ ಬೀದಿಯ ಕ್ಷೌರಿಕ ಪ್ಯಾಂಟು ಹೊಲಿಸಲು ಬಟ್ಟೆ ಹಿಡಿದು ಬಂದು ಕಾದು ಕಾದು ಸುಸ್ತಾದ.

"ಅಣ್ಣ, ನನ್ನ ಪ್ಯಾಂಟು?"

"ಕೂತ್ಕೊಳಪ್ಪ, ಇವರಿಗೆ ಹೇಳಿ ಮುಗಿಸ್ತೀನಿ."

"ಅವನು ಮುಗಿಸೋದುಂಟಾ?" ಒಳಗಿನಿಂದ ಅಕ್ಕ ಕೂಗಿದಳು. "ಒಳಗೆ ಬಾಪ್ಪ. ಅಳತೆ ನಾನೇ ತಗೋತೀನಿ."